ಹೆಸರು ಒಂದೇ, ಮನುಷ್ಯ ಬೇರೆ: ಬೆಂಗಳೂರಿನಲ್ಲಿ ನಾನು ಹಿನ್ನೆಲೆ ಪರಿಶೀಲಿಸುವ ಬಗೆ

ಪೀಣ್ಯದಲ್ಲಿ ಗೋದಾಮು, ವೈಟ್‌ಫೀಲ್ಡ್‌ನಲ್ಲಿ ಆಫೀಸು, ಬೊಮ್ಮಸಂದ್ರದಲ್ಲಿ ಪ್ಯಾಕಿಂಗ್ ಘಟಕ. ಮೂರಕ್ಕೂ ಕೆಲಸಕ್ಕೆ ಜನ ತೆಗೆದುಕೊಳ್ಳುವಾಗ ನಾನು ಮೊದಲು ಬರೆಸಿಕೊಳ್ಳುವುದು ವಾಸದ ಪಟ್ಟಿ: ಹಿಂದಿನ ಏಳು ವರ್ಷಗಳಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಲ್ಲಿದ್ದರು, ಪಿನ್‌ಕೋಡ್ ಸಮೇತ. ಪೊಲೀಸ್ ಠಾಣೆ, ಕೋರ್ಟು ಎಲ್ಲವೂ ಜಾಗದ ಲೆಕ್ಕದಲ್ಲಿ ನಡೆಯುತ್ತವೆ. ಜಾಗ ತಪ್ಪಿದರೆ ಬಿಂದಿಗೆ ಬಿದ್ದದ್ದು ಒಂದು ಬಾವಿ, ಪಾತಾಳಗರಡಿ ಬಿಟ್ಟದ್ದು ಇನ್ನೊಂದಕ್ಕೆ ಎಂದಾಗುತ್ತದೆ. ಪಿನ್‌ಕೋಡಿಗೆ ಹಟ ಹಿಡಿಯಲು ಕಾರಣವಿದೆ. ವಿನಾಯಕ ನಗರ, ಮಾರುತಿ ನಗರ ಎಂಬ ಹೆಸರಿನ ಬಡಾವಣೆಗಳು ಊರಿನಲ್ಲಿ ಹಲವು. ‘3ನೇ ಮೇನ್, 5ನೇ ಕ್ರಾಸ್’ ಎಲ್ಲ ಕಡೆಯೂ ಇದೆ. ಮನೆಗೆ ಹಳೇ ನಂಬರು, ಹೊಸ ನಂಬರು ಎರಡೂ ಇದ್ದರೆ ಎರಡನ್ನೂ ಬರೆಸುತ್ತೇನೆ. ಪಿಜಿಯಲ್ಲಿದ್ದವರಿಂದ ಪಿಜಿ ಹೆಸರು ಮತ್ತು ನೋಡಿಕೊಳ್ಳುವವರ ಫೋನ್ ನಂಬರು.

ಅದೇ ದಿನ ಒಪ್ಪಿಗೆ ಪತ್ರ. ಯಾವ ಯಾವ ದಾಖಲೆ ನೋಡುತ್ತೇವೆ, ಯಾಕೆ, ಎಷ್ಟು ದಿನ ಇಟ್ಟುಕೊಳ್ಳುತ್ತೇವೆ ಎಂದು ಒಂದೊಂದು ಸಾಲಿನಲ್ಲಿ ಬೇರೆ ಬೇರೆಯಾಗಿ ಬರೆದಿರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇಂಥ ತಿಳಿವಳಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಪಡೆಯುವ ಆಯ್ಕೆ ಇರಬೇಕು ಎನ್ನುತ್ತದೆ. ಕನ್ನಡದ ಜೊತೆಗೆ ಹಿಂದಿ, ಒಡಿಯಾ ಪ್ರತಿಗಳನ್ನೂ ಇಟ್ಟುಕೊಂಡಿದ್ದೇನೆ. ಓದಲಾಗದ ಕಾಗದಕ್ಕೆ ಹಾಕಿಸಿಕೊಂಡ ಸಹಿಯನ್ನು ನಾನು ಒಪ್ಪಿಗೆ ಎಂದು ಎಣಿಸುವುದಿಲ್ಲ.

ಆಧಾರ್ ಕೊಟ್ಟರೆ ಜೆರಾಕ್ಸ್ ತೆಗೆದು ಫೈಲಿಗೆ ಹಾಕುವುದು ಪರಿಶೀಲನೆಯಾಗುವುದಿಲ್ಲ. ಕಾರ್ಡಿನ ಮೇಲಿನ ಅಕ್ಷರ, ಫೋಟೋ ತಿದ್ದಬಹುದು; ಕ್ಯೂಆರ್ ಕೋಡಿನೊಳಗಿನ ಡಿಜಿಟಲ್ ಸಹಿಯನ್ನು ತಿದ್ದಲಾಗದು. ಆಧಾರ್ ಪ್ರಾಧಿಕಾರವಾದ ಯುಐಡಿಎಐನ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಬಂದ ವಿವರವನ್ನು ಎದುರಿಗಿರುವವರ ಜೊತೆ ತಾಳೆ ನೋಡುತ್ತೇನೆ. ಕಡತದಲ್ಲಿ ಉಳಿಯುವುದು ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ. ಡ್ರೈವರ್‌ಗಳಾದರೆ ಡಿಎಲ್ ನಂಬರು, ಹುಟ್ಟಿದ ದಿನಾಂಕ ಹಾಕಿ ಸಾರಿಗೆ ಇಲಾಖೆಯ ಸಾರಥಿ ಪೋರ್ಟಲ್‌ನಲ್ಲಿ ಊರ್ಜಿತವಿದೆಯೇ, ಯಾವ ವರ್ಗದ ವಾಹನಕ್ಕೆ ಎಂದು ನೋಡಿದರೆ ಮುಗಿಯಿತು.

ಹೆಚ್ಚು ಹೊತ್ತು ಹಿಡಿಯುವುದು, ಹೆಚ್ಚು ಅನ್ಯಾಯಕ್ಕೂ ದಾರಿಯಾಗುವುದು ಕೋರ್ಟ್ ಹುಡುಕಾಟ. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ಕೋರ್ಟ್ ಸಂಕೀರ್ಣ, ವರ್ಷ ಆರಿಸಿ ಹೆಸರು ಹಾಕಬೇಕು. ಏಳು ವರ್ಷವೆಂದರೆ ಪ್ರತಿ ಸಂಕೀರ್ಣಕ್ಕೂ ಏಳು ಸಲ. ಇಲ್ಲಿ ಹೊಸಬರು ಬೀಳುವ ಗುಂಡಿ ಆನೇಕಲ್. ಕಂದಾಯ ಲೆಕ್ಕದಲ್ಲಿ ಆನೇಕಲ್ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆ. ಆದರೆ ಅಲ್ಲಿನ ಕೋರ್ಟುಗಳು ಬೆಂಗಳೂರು ಗ್ರಾಮಾಂತರ ನ್ಯಾಯಾಂಗ ಜಿಲ್ಲೆಗೆ ಸೇರಿವೆ. ಬೊಮ್ಮಸಂದ್ರ, ಅತ್ತಿಬೆಲೆ ಕಡೆ ಇದ್ದವರನ್ನು ಬರೀ ‘ಬೆಂಗಳೂರು’ ಎಂದು ಹುಡುಕಿದರೆ ಏನೂ ಸಿಗದೆ ಎಲ್ಲ ಸರಿಯಿದೆ ಎಂದುಕೊಳ್ಳುತ್ತೀರಿ. ಹೊಸೂರಿನಿಂದ ದಿನಾ ಬಂದು ಹೋಗುವವರಿಗೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯನ್ನೇ ತೆರೆಯಬೇಕು.

ಆಮೇಲೆ ಹೆಸರು. ‘ಮಂಜುನಾಥ ಎನ್.’ ಇಂಗ್ಲಿಷ್ ಅಕ್ಷರಕ್ಕೆ ಹೋದಾಗ ಕೊನೆಗೆ ‘ಎ’ ಇರುತ್ತದೆ, ಇರುವುದಿಲ್ಲ. ಇನಿಷಿಯಲ್ ಮುಂದೆ ಬರುತ್ತದೆ, ಹಿಂದೆ ಬರುತ್ತದೆ, ಮಾಯವೂ ಆಗುತ್ತದೆ. ಪೊಲೀಸ್ ಕಾಗದದಲ್ಲಿ ‘@’ ಗುರುತಿನ ನಂತರ ಕರೆಯುವ ಹೆಸರು ಬೇರೆ. ಅದಕ್ಕೆ ನಾನು ‘ಮಂಜು’ ಎಂದಷ್ಟೇ ಹಾಕಿ ಬಂದದ್ದನ್ನೆಲ್ಲ ಸೋಸುತ್ತೇನೆ. ಪಟ್ಟಿ ಉದ್ದ ಬರುತ್ತದೆ, ಬರಲಿ. ತಂದೆಯ ಹೆಸರು, ವಯಸ್ಸು, ವಿಳಾಸ ಈ ಮೂರರಲ್ಲಿ ಎರಡಾದರೂ ತಾಳೆಯಾಗದ ಹೊರತು ಅದನ್ನು ಅಭ್ಯರ್ಥಿಯ ಪ್ರಕರಣ ಎಂದು ಬರೆಯುವುದಿಲ್ಲ. ಪ್ರಕರಣದ ಪುಟದಲ್ಲಿ ಠಾಣೆ ಮತ್ತು ಎಫ್‌ಐಆರ್ ಸಂಖ್ಯೆ ಇದ್ದರೆ ರಾಜ್ಯ ಪೊಲೀಸ್ ತಾಣದಿಂದ ಎಫ್‌ಐಆರ್ ಇಳಿಸಿ ತಂದೆಯ ಹೆಸರು, ವಿಳಾಸ ನೋಡಬಹುದು. ಸೂಕ್ಷ್ಮ ಪ್ರಕರಣಗಳ ಎಫ್‌ಐಆರ್ ಅಲ್ಲಿ ಇರುವುದಿಲ್ಲ.

ಕಲಂ ಓದುವಾಗ ಎರಡು ಕಾನೂನು ಕೈಯಲ್ಲಿರಬೇಕು. 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ: ಕಳ್ಳತನದ ಹಳೇ 379 ಈಗ 303(2), ವಂಚನೆಯ 420 ಈಗ 318(4). ಪ್ರಕರಣದ ಸಂಖ್ಯೆಯ ಜೊತೆ ‘ಸಿ.ಸಿ.’ (ಕ್ರಿಮಿನಲ್ ಪ್ರಕರಣದ ಗುರುತು) ಎಂದು ಕಂಡಕೂಡಲೇ ಕಳ್ಳತನ ಎಂದು ಗಾಬರಿಯಾಗಬೇಡಿ. ಚೆಕ್ ಬೌನ್ಸಿನ ಕಲಂ 138 ಕೂಡ ಅದೇ ಗುರುತಿನಲ್ಲಿ ಬರುತ್ತದೆ. ನಗದು ಎಣಿಸುವ ಕೆಲಸಕ್ಕೆ ಅದು ಮುಖ್ಯವಾಗಬಹುದು, ಪ್ಯಾಕಿಂಗ್ ಕೆಲಸಕ್ಕೆ ಏನೂ ಅಲ್ಲ. ವಿಚಾರಣೆ ಬಾಕಿ ಇದ್ದರೆ ‘ಬಾಕಿ’ ಎಂದೇ ಬರೆಯಬೇಕು, ಖುಲಾಸೆಯಾಗಿದ್ದರೆ ಆದೇಶ ಓದಿ ‘ಖುಲಾಸೆ’ ಎಂದು.

ಪೊಲೀಸ್ ವೆರಿಫಿಕೇಶನ್‌ಗೆ ರಾಜ್ಯ ಸರ್ಕಾರದ ಸೇವಾ ಸಿಂಧು ತಾಣದಲ್ಲಿ ಅಭ್ಯರ್ಥಿಯೇ ಅರ್ಜಿ ಹಾಕುತ್ತಾರೆ, ಶುಲ್ಕ ನಮ್ಮದು. ಬೆಂಗಳೂರಿಗೆ ಬಂದು ಆರು ತಿಂಗಳಾದವರಿಗೆ ಇಲ್ಲಿನ ಪತ್ರ ಹೇಳುವುದು ಕಡಿಮೆ, ಸ್ವಂತ ಊರಿನ ಠಾಣೆಯದ್ದೂ ಬೇಕು. ಸೆಕ್ಯುರಿಟಿ ಗಾರ್ಡುಗಳ ವಿಷಯದಲ್ಲಿ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆ ಪೂರ್ವಾಪರ ಪರಿಶೀಲನೆಯನ್ನು ಕಡ್ಡಾಯ ಮಾಡಿದೆ. ಏಜೆನ್ಸಿಯಿಂದ ಬಂದರೂ ಆ ಪ್ರತಿ ನನ್ನ ಕೈಗೆ ಬರಬೇಕು.

ಹಿಂದಿನ ಕೆಲಸಕ್ಕೆ ರಿಲೀವಿಂಗ್ ಲೆಟರ್‌ಗಿಂತ ನಂಬಿಕೆಯದ್ದು ಪಿಎಫ್‌ನ ಸರ್ವಿಸ್ ಹಿಸ್ಟರಿ. ಅಭ್ಯರ್ಥಿ ತಮ್ಮ ಫೋನಿನಲ್ಲೇ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಹಾಕಿ ಲಾಗಿನ್ ಮಾಡಿ ತೋರಿಸುತ್ತಾರೆ, ಪಾಸ್‌ವರ್ಡ್ ಕೇಳಬಾರದು. ಅದರಲ್ಲಿ ಕಾರ್ಖಾನೆಯ ಹೆಸರಿಲ್ಲದೆ ಯಾವುದೋ ಎಂಟರ್‌ಪ್ರೈಸಸ್ ಹೆಸರಿದ್ದರೆ ಸುಳ್ಳು ಎಂದು ತೀರ್ಮಾನಿಸುವಂತಿಲ್ಲ. ಪೀಣ್ಯದಲ್ಲಿ ಲೇಬರ್ ಕಂಟ್ರಾಕ್ಟರ್ ಮೂಲಕ ದುಡಿದವರ ಪಿಎಫ್ ಕಂಟ್ರಾಕ್ಟರ್ ಹೆಸರಿನಲ್ಲೇ ಕಟ್ಟಿರುತ್ತದೆ. ಹಳೇ ಗೇಟ್ ಪಾಸ್, ಸಂಬಳ ಬಿದ್ದ ಬ್ಯಾಂಕ್ ಸಾಲು ತೋರಿಸಿದರೆ ಸಾಕು. ಬಿಟ್ಟ ದಿನಾಂಕ ಖಾಲಿ ಇದ್ದರೆ ಎರಡು ಕಡೆ ಕೆಲಸ ಎನ್ನುವ ಮೊದಲು ಕೊನೆಯ ವಂತಿಗೆ ಯಾವ ತಿಂಗಳದ್ದು ಎಂದು ಪಾಸ್‌ಬುಕ್ ನೋಡುತ್ತೇನೆ. ಇಪ್ಪತ್ತು ಜನರಿಗಿಂತ ಕಡಿಮೆ ಇದ್ದ ಕಡೆ ಪಿಎಫ್ ಇಲ್ಲದಿರುವುದೂ ಸಹಜ.

ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಸಿಕ್ಕರೆ ಸರಾಗ. ಇಲ್ಲದಿದ್ದರೆ ವಿಶ್ವವಿದ್ಯಾಲಯಕ್ಕೆ ಬರೆಯುವ ಮೊದಲು ವರ್ಷ ನೋಡಿ: ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಶುರುವಾದದ್ದೇ 2017ರಲ್ಲಿ, ಅದರ ಹೆಸರಿನಲ್ಲಿ 2012ರ ಪದವಿ ಬರಲು ಸಾಧ್ಯವಿಲ್ಲ.

ವ್ಯತ್ಯಾಸ ಕಂಡಾಗ ಅದನ್ನು ಬರಹದಲ್ಲಿ ಅಭ್ಯರ್ಥಿಗೆ ಕಳಿಸಿ ಐದು ಕೆಲಸದ ದಿನ ಕೊಡುತ್ತೇನೆ. ಅಲ್ಲಿಯವರೆಗೆ ಆ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳದಂತೆ ಮ್ಯಾನೇಜರ್‌ಗೂ ಹೇಳಿರುತ್ತೇನೆ. ವರದಿಯಲ್ಲಿ ‘ಪ್ರಕರಣ ಇಲ್ಲ’ ಎಂಬ ಮಾತು ಬರೆಯುವುದಿಲ್ಲ. ‘ಈ ಕೋರ್ಟುಗಳಲ್ಲಿ, ಈ ವರ್ಷಗಳಲ್ಲಿ, ಈ ಕಾಗುಣಿತಗಳಲ್ಲಿ ಹುಡುಕಿದಾಗ ಸಿಗಲಿಲ್ಲ’ ಎಂದು ಬರೆದು, ಹುಡುಕಿದ ದಿನಾಂಕ ಹಾಕುತ್ತೇನೆ.