ಲ್ಯಾಬಿನ ಆಲ್ಕೋಹಾಲ್: ಬಾಟಲಿ ತೆರೆಯುವುದರಿಂದ ತ್ಯಾಜ್ಯ ತುಂಬುವವರೆಗೆ

ಆಮ್ಲದ ಬಾಟಲಿ ಮುಟ್ಟುವಾಗ ಲ್ಯಾಬಿನಲ್ಲಿ ಯಾರ ಕೈಯಾದರೂ ಒಂದು ಕ್ಷಣ ತಡೆಯುತ್ತದೆ. ಎಥನಾಲ್‌ ಬಾಟಲಿಗೆ ಆ ಮರ್ಯಾದೆ ಸಿಗುವುದಿಲ್ಲ. ಮೇಜು ಒರೆಸಲು, ಗಾಜಿನ ಸಾಮಾನು ತೊಳೆಯಲು, ಉಪಕರಣ ಶುಚಿಮಾಡಲು ದಿನವಿಡೀ ಅದು ಕೈಯಲ್ಲೇ ಇರುತ್ತದೆ. ಕೊಂಚ ಚೆಲ್ಲಿದರೂ ‘ಆರಿಹೋಗುತ್ತದೆ ಬಿಡಿ’ ಎಂದು ಸುಮ್ಮನಾಗುತ್ತೇವೆ. ಆರಿಹೋದದ್ದು ಆವಿಯಾಗಿ ಕೋಣೆಯಲ್ಲೇ ಇದೆ, ಬೆಂಕಿ ಹಿಡಿಯುವುದೂ ಆ ಆವಿಯೇ. ಆವಿ ಎಲ್ಲಿದೆ, ಎತ್ತ ಹೋಗುತ್ತಿದೆ, ಅದರ ದಾರಿಯಲ್ಲಿ ಕಿಡಿ ಇದೆಯೇ ಎಂದು ಪ್ರತಿ ಹಂತದಲ್ಲೂ ಕೇಳಿಕೊಂಡರೆ ಕೆಳಗಿನ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು ಲೇಬಲ್ ಓದಿ

ಹೆಚ್ಚು ಬಳಕೆಯಲ್ಲಿರುವ ಆಲ್ಕೋಹಾಲ್‌ಗಳು ಮೂರು: ಮೆಥನಾಲ್, ಎಥನಾಲ್, ಐಸೊಪ್ರೊಪನಾಲ್. ದ್ರವದ ಮೇಲಿನ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಸಾಂದ್ರವಾಗುವ ಅತಿ ಕಡಿಮೆ ಉಷ್ಣಾಂಶಕ್ಕೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಈ ಮೂರಕ್ಕೂ ಅದು 11ರಿಂದ 13 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದೆ. ಹಾಗಾಗಿ ಸಾಮಾನ್ಯ ಕೋಣೆಯಲ್ಲಿ ಮುಚ್ಚಳ ತೆರೆದ ಬಾಟಲಿಯ ಬಾಯಲ್ಲಿ ಹೊತ್ತಿಕೊಳ್ಳಬಲ್ಲ ಆವಿ ಯಾವಾಗಲೂ ಇರುತ್ತದೆ. ಗಾಳಿಯಲ್ಲಿ ಎಥನಾಲ್ ಆವಿ ಶೇ 3.3 ತಲುಪಿದರೆ ಸಾಕು, ಐಸೊಪ್ರೊಪನಾಲ್‌ಗೆ ಶೇ 2 ಸಾಕು. ಮೆಥನಾಲ್‌ಗೆ ಶೇ 6 ಬೇಕು, ಆದರೆ ಅದು ಶೇ 36ರವರೆಗೂ ಉರಿಯಬಲ್ಲದು. ಎಥನಾಲ್ ಆವಿ ಗಾಳಿಗಿಂತ ಒಂದೂವರೆ ಪಟ್ಟು, ಐಸೊಪ್ರೊಪನಾಲ್ ಆವಿ ಎರಡು ಪಟ್ಟು ಭಾರ. ಮೇಜಿನ ಅಂಚಿನಿಂದ ಇಳಿದು ನೆಲದ ಮೇಲೆ ಹರಿದು, ದೂರದ ಬರ್ನರ್ ಅಥವಾ ಮೋಟರಿನ ಕಿಡಿ ತಗುಲಿ, ಬೆಂಕಿ ಅದೇ ಹಾದಿಯಲ್ಲಿ ಬಾಟಲಿಗೆ ಮರಳಬಹುದು.

ವಿಷದ ಲೆಕ್ಕದಲ್ಲಿ ಮೂರೂ ಒಂದೇ ಅಲ್ಲ. ಮೆಥನಾಲ್ ದೇಹದೊಳಗೆ ಫಾರ್ಮಾಲ್ಡಿಹೈಡ್ ಆಗಿ, ನಂತರ ಫಾರ್ಮಿಕ್ ಆಮ್ಲವಾಗಿ ಬದಲಾಗುತ್ತದೆ. ಕಣ್ಣಿನ ನರ ಕೆಡುವುದು ಇದರಿಂದಲೇ. ಕುಡಿದರೆ ಮಾತ್ರವಲ್ಲ, ಉಸಿರಿನಿಂದಲೂ ಚರ್ಮದಿಂದಲೂ ಅದು ಒಳಗೆ ಇಳಿಯುತ್ತದೆ. ಎಂಟು ಗಂಟೆಯ ಕೆಲಸಕ್ಕೆ ಎಥನಾಲ್ ಆವಿಯ ಮಿತಿಯನ್ನು ಸಾಮಾನ್ಯವಾಗಿ 1000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 1000 ಭಾಗ) ಎಂದು ಇಟ್ಟರೆ, ಮೆಥನಾಲ್‌ಗೆ ಇಡುವುದು 200 ಪಿಪಿಎಂ. ಎಥನಾಲ್‌ನಲ್ಲಿ ಆಗುವ ಕೆಲಸಕ್ಕೆ ಮೆಥನಾಲ್ ಎತ್ತಿಕೊಳ್ಳಲೇಬೇಡಿ. ಡಿನೇಚರ್ಡ್ ಸ್ಪಿರಿಟ್ (ಕುಡಿಯಲು ಬಾರದಂತೆ ಬೇರೇನೋ ಬೆರೆಸಿದ ಎಥನಾಲ್) ಎಂದು ಬರೆದ ಡಬ್ಬದಲ್ಲೂ ಮೆಥನಾಲ್ ಬೆರೆತಿರಬಹುದು, ಏನು ಬೆರೆಸಿದ್ದಾರೆ ಎಂಬುದನ್ನು ಲೇಬಲಿನಲ್ಲೋ ರಾಸಾಯನಿಕದ ಜೊತೆ ಬರುವ ಸುರಕ್ಷತಾ ಪತ್ರದಲ್ಲೋ ನೋಡಿಕೊಳ್ಳಿ.

ಮೇಜು ಮತ್ತು ಮೈ

ಅಂದಿನ ಕೆಲಸಕ್ಕೆ ಬೇಕಾದಷ್ಟನ್ನೇ ಹೊರತೆಗೆಯಿರಿ. 200 ಮಿ.ಲೀ. ಸಾಕಾಗುವಲ್ಲಿ ಎರಡೂವರೆ ಲೀಟರಿನ ಬಾಟಲಿ ಮೇಜಿನ ಮೇಲೆ ಕೂರಬಾರದು. ಹತ್ತಿರದ ಬರ್ನರ್ ಆರಿಸಿ, ಫ್ಯೂಮ್ ಹುಡ್ (ಆವಿಯನ್ನು ಹೊರಕ್ಕೆಳೆಯುವ ಗಾಜಿನ ಮುಂಬಾಗಿಲಿನ ಗೂಡು) ಚಾಲೂ ಮಾಡಿ, ಅದರ ಗಾಜನ್ನು ಗುರುತಿನವರೆಗೆ ಇಳಿಸಿ. ಪಾತ್ರೆಯನ್ನು ಹುಡ್‌ನ ಅಂಚಿನಿಂದ ಕನಿಷ್ಠ 15 ಸೆಂ.ಮೀ. ಒಳಗಿಡಿ. ಅಂಚಿನಲ್ಲಿಟ್ಟರೆ ಆವಿ ಹೊರಕ್ಕೆ ಸುಳಿಯುತ್ತದೆ.

ಹತ್ತಿ ಬಟ್ಟೆಯ ಕೋಟು, ಪಕ್ಕಗಳೂ ಮುಚ್ಚುವ ಕನ್ನಡಕ, ಮುಚ್ಚಿದ ಪಾದರಕ್ಷೆ. ಸಿಂಥೆಟಿಕ್ ಬಟ್ಟೆ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಗ್ಲೌಸ್ ವಿಷಯದಲ್ಲಿ ತಪ್ಪು ನಂಬಿಕೆ ಜಾಸ್ತಿ. ತೆಳುವಾದ ನೈಟ್ರೈಲ್ ಗ್ಲೌಸ್ ಎಥನಾಲ್, ಐಸೊಪ್ರೊಪನಾಲ್ ಸಿಡಿದಾಗ ರಕ್ಷಿಸುತ್ತದೆ. ಮೆಥನಾಲ್ ಮಾತ್ರ ಕೆಲವೇ ನಿಮಿಷಗಳಲ್ಲಿ ಅದನ್ನು ದಾಟುತ್ತದೆ, ಗ್ಲೌಸ್ ಹರಿಯದೆ ಒಣಗಿದಂತೆಯೇ ಕಾಣುತ್ತಿದ್ದರೂ. ಮೆಥನಾಲ್ ಬಿದ್ದ ಗ್ಲೌಸನ್ನು ತಕ್ಷಣ ಕಳಚಿ, ಕೈ ತೊಳೆದು, ಹೊಸದು ಹಾಕಿಕೊಳ್ಳಿ. ಕೈ ನೆನೆಯುವಂಥ ಕೆಲಸವಿದ್ದರೆ ಬ್ಯೂಟೈಲ್ ರಬ್ಬರಿನ ಗ್ಲೌಸೇ ಬೇಕು. ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಒಣಗುವ ಮುನ್ನ ಬರ್ನರ್ ಹತ್ತಿಸಬೇಡಿ.

ಸುರಿಯುವಾಗ

ದೊಡ್ಡ ಗಾಜಿನ ಬಾಟಲಿಯನ್ನು ಕತ್ತು ಹಿಡಿದು ಒಯ್ಯಬೇಡಿ. ಬಾಟಲಿ ಒಡೆದರೂ ದ್ರವ ಹಿಡಿದಿಡುವ ಪ್ಲಾಸ್ಟಿಕ್ ಕ್ಯಾರಿಯರ್ ಬಳಸಿ. ಲೇಬಲ್ ಅಂಗೈ ಕಡೆಗಿರಲಿ, ಸೋರಿದ ಹನಿ ಅಕ್ಷರ ಅಳಿಸುವುದಿಲ್ಲ. ಲೋಹದ ಡ್ರಮ್ಮಿನಿಂದ ಲೋಹದ ಡಬ್ಬಕ್ಕೆ ಸುರಿಯುವಾಗ ಎರಡನ್ನೂ ತಂತಿಯಿಂದ ಜೋಡಿಸಿ, ಡ್ರಮ್ಮನ್ನು ಅರ್ತ್ ಮಾಡಿ. ಆಲ್ಕೋಹಾಲ್‌ಗಳು ಸ್ವಲ್ಪ ವಿದ್ಯುತ್ ಹಾಯಿಸುವುದರಿಂದ ಹೆಕ್ಸೇನಿನಂಥ ದ್ರಾವಕಗಳಷ್ಟು ಸ್ಥಿರ ವಿದ್ಯುತ್ ಕೂಡಿಸುವುದಿಲ್ಲ ನಿಜ. ಆದರೆ ಅರ್ತ್ ಇಲ್ಲದ ಲೋಹದ ಡಬ್ಬವಾಗಲಿ, ಪ್ಲಾಸ್ಟಿಕ್ ಆಲಿಕೆಯಾಗಲಿ, ಸುರಿಯುವವರ ಮೈಯಾಗಲಿ ಕಿಡಿ ಹಾರಿಸಬಲ್ಲವು.

ಯಾವ ಪಾತ್ರೆಯನ್ನೂ ಕಂಠಮಟ್ಟ ತುಂಬಬೇಡಿ. ಎಥನಾಲ್ ಪ್ರತಿ ಡಿಗ್ರಿಗೆ ಸುಮಾರು ಶೇ 0.11ರಷ್ಟು ಹಿಗ್ಗುತ್ತದೆ. ಉಷ್ಣಾಂಶ 20 ಡಿಗ್ರಿ ಏರಿದರೆ ಒಂದು ಲೀಟರಿಗೆ 22 ಮಿ.ಲೀ. ಹೆಚ್ಚಾಯಿತು. ಹತ್ತರಲ್ಲಿ ಒಂದು ಭಾಗ ಖಾಲಿ ಬಿಡಿ.

ವಾಶ್ ಬಾಟಲಿ (ಹಿಸುಕಿದರೆ ನಳಿಕೆಯಿಂದ ದ್ರವ ಬರುವ ಪ್ಲಾಸ್ಟಿಕ್ ಬಾಟಲಿ) ತಾನಾಗಿ ಹನಿ ಉದುರಿಸುವುದನ್ನು ಎಲ್ಲರೂ ನೋಡಿರುತ್ತಾರೆ. ಬಾಟಲಿ ಕೊಂಚ ಬೆಚ್ಚಗಾದರೂ, ಕೈಯ ಶಾಖ ತಾಗಿದರೂ ಒಳಗಿನ ಆವಿಯ ಒತ್ತಡ ಏರಿ ದ್ರವವನ್ನು ನಳಿಕೆಯಿಂದ ಹೊರಗೆ ತಳ್ಳುತ್ತದೆ. ಒತ್ತಡ ಬಿಡುವ ಸಣ್ಣ ಕಿಂಡಿಯಿರುವ ವಾಶ್ ಬಾಟಲಿಗಳು ಸಿಗುತ್ತವೆ, ಅವನ್ನೇ ತರಿಸಿ. ನೀರಿನಂತೆಯೇ ಕಾಣುವ ಈ ದ್ರವದ ಬಾಟಲಿಯ ಮೇಲೆ ಹೆಸರು, ಸಾಂದ್ರತೆ, ತುಂಬಿದ ದಿನಾಂಕ ಇರಲೇಬೇಕು.

ಶೇ 70ರ ಎಥನಾಲ್ ಮಾಡುವ ಬಗೆ

ಶೇ 95ರ ಎಥನಾಲ್‌ನಿಂದ ಒಂದು ಲೀಟರ್ ಬೇಕೆಂದುಕೊಳ್ಳಿ. 70ನ್ನು 95ರಿಂದ ಭಾಗಿಸಿ 1000ದಿಂದ ಗುಣಿಸಿದರೆ 737 ಬರುತ್ತದೆ. ಮೆಷರಿಂಗ್ ಸಿಲಿಂಡರಿನಲ್ಲಿ 737 ಮಿ.ಲೀ. ಎಥನಾಲ್ ಅಳೆದು, ಭಟ್ಟಿ ಇಳಿಸಿದ ನೀರನ್ನು 1000 ಮಿ.ಲೀ. ಗುರುತಿನ ಹತ್ತಿರದವರೆಗೆ ಹಾಕಿ ಕಲಕಿ. ಮಿಶ್ರಣ ಬೆಚ್ಚಗಾಗುತ್ತದೆ. ಅದು ಕೋಣೆಯ ಉಷ್ಣಾಂಶಕ್ಕೆ ಇಳಿಯುವವರೆಗೆ ಕಾದು, ಉಳಿದ ನೀರು ಸೇರಿಸಿ ಗುರುತು ಮುಟ್ಟಿಸಿ.

ಇಲ್ಲಿ ಆಗುವ ತಪ್ಪು ಒಂದೇ. 1000ದಲ್ಲಿ 737 ಕಳೆದು 263 ಮಿ.ಲೀ. ನೀರು ಅಳೆದು ಸುರಿದುಬಿಡುತ್ತಾರೆ. ಎಥನಾಲ್ ಮತ್ತು ನೀರು ಬೆರೆತಾಗ ಗಾತ್ರ ಕುಗ್ಗುತ್ತದೆ: 50 ಮಿ.ಲೀ.ಗೆ 50 ಮಿ.ಲೀ. ಸೇರಿದರೆ ಸುಮಾರು 96 ಮಿ.ಲೀ. ಮಾತ್ರ ಸಿಗುತ್ತದೆ. ಹಾಗಾಗಿ ನೀರನ್ನು ಅಳೆದು ಹಾಕಬಾರದು, ಗುರುತಿನವರೆಗೆ ತುಂಬಬೇಕು. ಕ್ರಿಮಿ ಕೊಲ್ಲಲು ಶೇ 95ಕ್ಕಿಂತ ಶೇ 70 ಚೆನ್ನಾಗಿ ಕೆಲಸ ಮಾಡುವುದು ನೀರಿನಿಂದಾಗಿಯೇ. ಪ್ರೊಟೀನು ಕೆಡಲು ನೀರು ಬೇಕು, ನೀರಿದ್ದರೆ ದ್ರವ ಬೇಗ ಆರುವುದೂ ಇಲ್ಲ.

‘ನೀರು ಬೆರೆಸಿದ್ದೇವಲ್ಲ, ಇನ್ನೇನು ಉರಿಯುತ್ತದೆ’ ಎಂಬ ಧೈರ್ಯ ಮಾತ್ರ ಬೇಡ. ಶೇ 70ರ ಎಥನಾಲ್‌ನ ಫ್ಲ್ಯಾಶ್ ಪಾಯಿಂಟ್ ಏರುವುದು ಸುಮಾರು 17 ಡಿಗ್ರಿಗೆ ಅಷ್ಟೇ, ಶೇ 20ರ ದ್ರಾವಣಕ್ಕೂ ಅದು 36 ಡಿಗ್ರಿಯ ಆಸುಪಾಸು. ಉರಿ ಇರುವ ಕಡೆ ಸ್ಪ್ರೇ ಮಾಡಬೇಡಿ, ಬಟ್ಟೆಗೆ ಹಾಕಿಕೊಂಡು ಒರೆಸಿ, ಮೇಜು ಒಣಗಿದ ಮೇಲೆ ಬರ್ನರ್ ಹತ್ತಿಸಿ. ಬ್ಲೀಚಿಂಗ್ ದ್ರಾವಣದಿಂದ ಒರೆಸಿದ ಜಾಗಕ್ಕೆ, ಅದನ್ನು ನೀರಿನಿಂದ ತೊಳೆಯದೆ, ಆಲ್ಕೋಹಾಲ್ ತಾಗಿಸಬಾರದು. ಎರಡೂ ಸೇರಿದರೆ ಕ್ಲೋರೊಫಾರ್ಮ್‌ನಂಥ ವಿಷಕಾರಿ ಕ್ಲೋರಿನ್ ಸಂಯುಕ್ತಗಳು ಹುಟ್ಟುತ್ತವೆ.

ಬಿಸಿ ಮತ್ತು ಉರಿ

ಆಲ್ಕೋಹಾಲ್ ಕುದಿಸಲು ತೆರೆದ ಉರಿ ಬೇಡವೇ ಬೇಡ. ಮೆಥನಾಲ್ 65, ಎಥನಾಲ್ 78, ಐಸೊಪ್ರೊಪನಾಲ್ 82 ಡಿಗ್ರಿಯಲ್ಲಿ ಕುದಿಯುತ್ತವೆ, ವಾಟರ್ ಬಾತ್ (ಪಾತ್ರೆಯನ್ನು ಇಟ್ಟು ಕಾಯಿಸುವ ಬಿಸಿನೀರಿನ ತೊಟ್ಟಿ) ಧಾರಾಳ ಸಾಕು. ಹಾಟ್‌ಪ್ಲೇಟಿನಲ್ಲಿ ಎರಡು ತೊಂದರೆ. ಹಳೆಯ ಪ್ಲೇಟುಗಳ ಥರ್ಮೋಸ್ಟಾಟ್ ಪ್ರತಿ ಸಲ ಕೂಡಿಬಿಡುವಾಗ ಒಳಗೆ ಕಿಡಿ ಹಾರುತ್ತದೆ. ಇನ್ನೊಂದು, ಎಥನಾಲ್ ಆವಿ ಸುಮಾರು 363 ಡಿಗ್ರಿಯಲ್ಲಿ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳುತ್ತದೆ, ಪೂರ್ತಿ ತಿರುಗಿಸಿದ ಪ್ಲೇಟಿನ ಮೇಲ್ಮೈ ಅದನ್ನು ಮೀರಬಹುದು. ದ್ರವ ಸಮನಾಗಿ ಕುದಿಯಲೆಂದು ಹಾಕುವ ಚೂರುಗಳನ್ನು (ಬಾಯ್ಲಿಂಗ್ ಚಿಪ್ಸ್) ಅದು ತಣ್ಣಗಿರುವಾಗಲೇ ಹಾಕಿ. ಬಿಸಿಯಾದ ಮೇಲೆ ಹಾಕಿದರೆ ಒಮ್ಮೆಲೇ ಉಕ್ಕಿ ಹೊರಬೀಳುತ್ತದೆ.

ಸ್ಪಿರಿಟ್ ಲ್ಯಾಂಪಿಗೆ ಇಂಧನ ತುಂಬುವ ಕ್ರಮ: ಮುಚ್ಚಳದಿಂದ ಆರಿಸಿ, ಬತ್ತಿಯೂ ಲೋಹವೂ ತಣಿಯಲು ಬಿಡಿ, ಆಲಿಕೆಯಿಂದ ಮೂರನೇ ಎರಡು ಭಾಗ ತುಂಬಿಸಿ, ಹೊರಮೈ ಒರೆಸಿ, ಬಾಟಲಿಯ ಮುಚ್ಚಳ ಬಿಗಿದು ಅದನ್ನು ದೂರ ಒಯ್ದಿಟ್ಟ ಮೇಲೆ ಹತ್ತಿಸಿ. ಉರಿಯುವ ಅಥವಾ ಆಗಷ್ಟೇ ಆರಿದ ಪಾತ್ರೆಗೆ ಬಾಟಲಿಯಿಂದ ಸುರಿದರೆ ಜ್ವಾಲೆ ಧಾರೆಯ ಜೊತೆ ಮೇಲೇರಿ ಬಾಟಲಿಯೊಳಗೆ ನುಗ್ಗುತ್ತದೆ. ಒಳಗಿನ ಆವಿ ಹೊತ್ತಿ, ಉರಿಯುವ ದ್ರವ ಬಾಟಲಿಯ ಬಾಯಿಂದ ಮೀಟರುಗಟ್ಟಲೆ ದೂರ ಚಿಮ್ಮುತ್ತದೆ. ಮೆಥನಾಲ್‌ ಬಳಸಿ ಬಣ್ಣದ ಜ್ವಾಲೆ ತೋರಿಸುವ ಪ್ರದರ್ಶನಗಳಲ್ಲಿ ಮುಂದೆ ಕುಳಿತ ಮಕ್ಕಳು ಸುಟ್ಟುಕೊಂಡದ್ದು ಹೀಗೆಯೇ. ಮೆಥನಾಲ್ ಜ್ವಾಲೆ ಹಗಲಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ, ಆರಿತೆಂದು ಭಾವಿಸುವುದು ಅದಕ್ಕೇ. ಅಂಥ ಪ್ರದರ್ಶನವನ್ನು ಶಾಲೆಯಲ್ಲಿ ಮಾಡಲೇಬಾರದು. ಲವಣದ ದ್ರಾವಣದಲ್ಲಿ ನೆನೆಸಿದ ಕಡ್ಡಿಯನ್ನು ಬರ್ನರಿಗೆ ಹಿಡಿದರೂ ಅದೇ ಬಣ್ಣ ಬರುತ್ತದೆ.

ಸೂಕ್ಷ್ಮಾಣು ಕೆಲಸದಲ್ಲಿ ಗಾಜಿನ ಸ್ಪ್ರೆಡರನ್ನು (ತಟ್ಟೆಯ ಮೇಲೆ ದ್ರವ ಹರಡುವ ಬಾಗಿದ ಕಡ್ಡಿ) ಎಥನಾಲ್‌ನಲ್ಲಿ ಅದ್ದಿ ಜ್ವಾಲೆಗೆ ಹಿಡಿಯುವಾಗ ತುದಿ ಕೆಳಮುಖವಾಗಿರಲಿ, ಇಲ್ಲವಾದರೆ ಉರಿಯುವ ಹನಿ ಕೈಗೆ ಇಳಿಯುತ್ತದೆ. ಬಿಸಿ ಸ್ಪ್ರೆಡರನ್ನು ಮತ್ತೆ ಅದ್ದಬೇಡಿ. ಎಥನಾಲ್ ಇಡಲು ದಪ್ಪ ತಳದ, ಸುಲಭಕ್ಕೆ ಮಗುಚದ ಗಾಜಿನ ಪಾತ್ರೆ ಬೇಕು, ಪ್ಲಾಸ್ಟಿಕ್ ಬೇಡ. ಒಂದೆರಡು ಸೆಂ.ಮೀ. ಆಳ ಸಾಕು. ಪೂರ್ತಿ ಮುಚ್ಚುವ ಲೋಹದ ಮುಚ್ಚಳ ಪಕ್ಕದಲ್ಲೇ ಇರಲಿ.

ಓವನ್ನಿನ ಲೆಕ್ಕ

ಗಾಜಿನ ಸಾಮಾನನ್ನು ಎಥನಾಲ್‌ನಿಂದ ಜಾಲಿಸಿ ಬೇಗ ಒಣಗಲೆಂದು ನೇರ ಓವನ್ನಿಗೆ ಇಡುವವರಿದ್ದಾರೆ. 10 ಮಿ.ಲೀ. ಎಥನಾಲ್ ಎಂದರೆ 7.9 ಗ್ರಾಂ. ಪೂರ್ತಿ ಆವಿಯಾದರೆ ಕೋಣೆಯ ಉಷ್ಣಾಂಶದಲ್ಲಿ ಸುಮಾರು 4.2 ಲೀಟರ್ ಆವಿ. 60 ಲೀಟರಿನ ಓವನ್ನಿನಲ್ಲಿ ಶೇ 3.3ರ ಮಿತಿ ಮುಟ್ಟಲು 2 ಲೀಟರ್ ಆವಿ ಸಾಕು, ಅಂದರೆ 5 ಮಿ.ಲೀ.ಗೂ ಕಡಿಮೆ ದ್ರವ. ನಾಲ್ಕೈದು ಫ್ಲಾಸ್ಕುಗಳ ತಳದಲ್ಲಿ ಉಳಿದ ಹನಿಗಳೇ ಅಷ್ಟಾಗುತ್ತವೆ. ಕಿಡಿ ಒದಗಿಸಲು ಒಳಗಿನ ಹೀಟರೂ ಥರ್ಮೋಸ್ಟಾಟೂ ಇದ್ದೇ ಇವೆ. ಆಲ್ಕೋಹಾಲ್ ತಾಗಿದ ಸಾಮಾನು ಹುಡ್‌ನಲ್ಲಿ ಬೋರಲಾಗಿ ಪೂರ್ತಿ ಆರಬೇಕು. ಅವಸರವಿದ್ದರೆ ಕೊನೆಯ ಜಾಲಿಕೆ ನೀರಿನದಾಗಲಿ.

ಮನೆಬಳಕೆಯ ಫ್ರಿಜ್ಜಿಗೂ ಇದೇ ಮಾತು. ಒಳಗೆ ಗಾಳಿಯಾಟವಿಲ್ಲ, ಬಲ್ಬಿನ ಸ್ವಿಚ್ ಇದೆ. ತಣ್ಣಗಿಡಲೇಬೇಕಿದ್ದರೆ ಒಳಗೆ ಕಿಡಿ ಹಾರದಂತೆ ದಹ್ಯ ದ್ರವಗಳಿಗೆಂದೇ ಮಾಡಿದ ಫ್ರಿಜ್ ಬೇಕು.

ಇಡುವುದು, ಎಸೆಯುವುದು

ದಾಸ್ತಾನಿಗೆ ಲೋಹದ, ತಾನಾಗಿ ಮುಚ್ಚಿಕೊಳ್ಳುವ ಕಪಾಟು. ಅದೇ ಕಪಾಟಿನಲ್ಲಿ ನೈಟ್ರಿಕ್ ಆಮ್ಲ, ಪರ್‌ಕ್ಲೋರಿಕ್ ಆಮ್ಲ, ಕ್ರೋಮಿಯಂ ಟ್ರೈಆಕ್ಸೈಡ್, ಸಾಂದ್ರ ಹೈಡ್ರೋಜನ್ ಪೆರಾಕ್ಸೈಡ್ ಇರಕೂಡದು. ಕ್ರೋಮಿಯಂ ಟ್ರೈಆಕ್ಸೈಡಿನ ಮೇಲೆ ಎಥನಾಲ್ ಬಿದ್ದರೆ ಯಾವ ಕಿಡಿಯೂ ಇಲ್ಲದೆ ಉರಿ ಏಳುತ್ತದೆ. ಐಸೊಪ್ರೊಪನಾಲ್‌ಗೆ ಇನ್ನೊಂದು ಗುಣವಿದೆ: ತೆರೆದ ಬಾಟಲಿ ಗಾಳಿ ಬೆಳಕಿನಲ್ಲಿ ವರ್ಷಗಟ್ಟಲೆ ಕುಳಿತರೆ ನಿಧಾನವಾಗಿ ಸಿಡಿಯಬಲ್ಲ ಪೆರಾಕ್ಸೈಡ್ ಕಟ್ಟಿಕೊಳ್ಳುತ್ತದೆ. ಅಂಥದ್ದನ್ನು ಪೆರಾಕ್ಸೈಡ್ ಇದ್ದರೆ ಬಣ್ಣ ಬದಲಿಸುವ ಕಾಗದದ ಪಟ್ಟಿಯಿಂದ ಪರೀಕ್ಷಿಸದೆ ಭಟ್ಟಿ ಇಳಿಸಬೇಡಿ, ಯಾವತ್ತೂ ಪೂರ್ತಿ ಒಣಗುವವರೆಗೆ ಇಳಿಸಬೇಡಿ.

ತ್ಯಾಜ್ಯದ ಬಾಟಲಿಯಲ್ಲಿ ಅತಿ ಅಪಾಯದ ಜೋಡಿ ನೈಟ್ರಿಕ್ ಆಮ್ಲ ಮತ್ತು ಆಲ್ಕೋಹಾಲ್. ಸುರಿದ ಕೂಡಲೇ ಏನೂ ಆಗದಿರಬಹುದು. ಕ್ರಿಯೆ ನಿಧಾನವಾಗಿ ಶುರುವಾಗಿ, ತನ್ನದೇ ಶಾಖದಿಂದ ಚುರುಕಾಗಿ, ಅನಿಲ ತುಂಬಿ, ಗಂಟೆಗಳ ನಂತರ ಯಾರೂ ಇಲ್ಲದ ಹೊತ್ತಿನಲ್ಲಿ ಬಾಟಲಿ ಸಿಡಿಯಬಹುದು. ಆದ್ದರಿಂದ ನೈಟ್ರಿಕ್ ಆಮ್ಲದ ಖಾಲಿ ಬಾಟಲಿಯನ್ನು ತೊಳೆದಾದರೂ ದ್ರಾವಕ ತ್ಯಾಜ್ಯಕ್ಕೆ ಬಳಸಬೇಡಿ. ತ್ಯಾಜ್ಯಕ್ಕೆ ಒತ್ತಡ ಬಿಡುವ ಮುಚ್ಚಳ, ಕೆಳಗೆ ತಟ್ಟೆ, ಮೊದಲ ಹನಿ ಬೀಳುವ ಮುನ್ನವೇ ಲೇಬಲ್. ಕ್ಲೋರಿನ್ ಇರುವ ದ್ರಾವಕಗಳಿಗೆ ಬೇರೆ ಬಾಟಲಿ. ಸಿಂಕಿಗೆ ಸುರಿದರೆ ಆವಿ ಕೊಳವೆಯಲ್ಲಿ ಕೂಡಿ ಇನ್ನೊಂದು ಸಿಂಕಿನಲ್ಲಿ ಏಳುತ್ತದೆ.

ಚೆಲ್ಲಿದರೆ, ಹೊತ್ತಿದರೆ

ಚೆಲ್ಲಿದ್ದು ಸ್ವಲ್ಪವಾದರೆ ಉರಿಗಳನ್ನೆಲ್ಲ ಆರಿಸಿ, ವರ್ಮಿಕ್ಯುಲೈಟ್‌ನಂಥ ಜಡ ಹೀರುವಸ್ತುವನ್ನು ಅಂಚಿನಿಂದ ನಡುವಿಗೆ ಹರಡಿ, ಬಾಚಿ, ಬಿಗಿಯಾಗಿ ಮುಚ್ಚುವ ಡಬ್ಬಕ್ಕೆ ತುಂಬಿ. ನೆಂದ ಟಿಶ್ಯೂ ಕಾಗದ ಕಸದ ಬುಟ್ಟಿಗೆ ಹೋಗಬಾರದು. ಒಡೆದದ್ದು ಲೀಟರುಗಟ್ಟಲೆಯ ಬಾಟಲಿಯಾದರೆ ಒರೆಸಲು ನಿಲ್ಲದೆ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಹೊಣೆಯವರನ್ನು ಕರೆಯಿರಿ.

ಬೀಕರಿನಲ್ಲಿ ಹೊತ್ತಿಕೊಂಡರೆ ಅದನ್ನು ಎತ್ತಿಕೊಂಡು ಓಡಬೇಡಿ. ಮುಚ್ಚಳವನ್ನೋ ವಾಚ್ ಗ್ಲಾಸನ್ನೋ ಪಕ್ಕದಿಂದ ಜಾರಿಸಿ ಮುಚ್ಚಿ, ಗಾಳಿ ಸಿಗದೆ ಆರುತ್ತದೆ. ಮುಚ್ಚಲಾಗದಿದ್ದರೆ ಡ್ರೈ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ಬಳಸಿ. ತೀರ ಹತ್ತಿರದಿಂದ ಬಿಟ್ಟರೆ ಅನಿಲದ ರಭಸಕ್ಕೆ ಬೀಕರ್ ಮಗುಚಿ ಬೆಂಕಿ ಹರಡುತ್ತದೆ, ಹಿಂದೆ ಸರಿದು ಬಿಡಿ. ಸಾಮಾನ್ಯ ನೊರೆ ಉಪಯೋಗವಿಲ್ಲ. ಅದರ ನೀರನ್ನು ಆಲ್ಕೋಹಾಲ್ ಎಳೆದುಕೊಂಡು ನೊರೆಯನ್ನೇ ಒಡೆಯುತ್ತದೆ, ಆಲ್ಕೋಹಾಲ್ ತಾಳುವ ನೊರೆಯೇ ಬೇಕು. ಬಟ್ಟೆಗೆ ಹತ್ತಿದರೆ ಸುರಕ್ಷತಾ ಶವರ್ ಹತ್ತಿರವಿದ್ದರೆ ಅದರಡಿ ನಿಲ್ಲಿ, ಇಲ್ಲವೇ ನೆಲಕ್ಕೆ ಬಿದ್ದು ಹೊರಳಿ.

ಕಣ್ಣಿಗೆ ಬಿದ್ದರೆ ರೆಪ್ಪೆ ಅಗಲಿಸಿ 15 ನಿಮಿಷ ನೀರು ಹಾಯಿಸಿ. ಮೆಥನಾಲ್ ಹೊಟ್ಟೆಗೆ ಹೋದರೆ, ಅಥವಾ ಮೈಮೇಲೆ ಬಹಳಷ್ಟು ಬಿದ್ದರೆ, ವ್ಯಕ್ತಿ ಆರಾಮಾಗಿಯೇ ಕಾಣಬಹುದು. ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಹಲವು ವೇಳೆ 12ರಿಂದ 24 ಗಂಟೆ ತಡವಾಗಿ ಶುರುವಾಗುತ್ತವೆ. ಅಷ್ಟರಲ್ಲಿ ಫಾರ್ಮಿಕ್ ಆಮ್ಲ ಕೂಡಿಕೊಂಡಿರುತ್ತದೆ. ಅದಕ್ಕೆ ಫೊಮೆಪಿಝೋಲ್ ಎಂಬ ಮದ್ದು ಇದೆ, ಬೇಗ ಕೊಟ್ಟಷ್ಟೂ ಕಣ್ಣು ಉಳಿಯುತ್ತದೆ. ಹಾಗಾಗಿ ಲಕ್ಷಣಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಟಲಿಯ ಲೇಬಲಿನ ಫೋಟೊ ಮತ್ತು ಸುರಕ್ಷತಾ ಪತ್ರ ಜೊತೆಗಿರಲಿ. ಒಳಗೆ ಹೋದದ್ದು ಮೆಥನಾಲ್ ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.