ನಾಲ್ಕು ಕಪ್ ಸ್ಟ್ರಾಬೆರಿ ಅಂದರೆ ಎಷ್ಟು ಗ್ರಾಂ?

ಚಳಿ ಶುರುವಾದರೆ ಸಾಕು, ಮುಂಬೈಯ ಮಾಟುಂಗಾ ಮಾರ್ಕೆಟ್ಟಿಗೆ ಮಹಾಬಳೇಶ್ವರದ ಸ್ಟ್ರಾಬೆರಿ ಬರುತ್ತದೆ. ವರ್ಷಕ್ಕೊಂದು ಸಲ ಜಾಮ್ ಮಾಡುವುದು ನನ್ನ ರೂಢಿ. ಎರಡು ವರ್ಷದ ಹಿಂದೆ ಹೊಸ ರೆಸಿಪಿಯೊಂದನ್ನು ನೋಡಿ ಮಾಡಿದೆ. ನಾಲ್ಕು ಕಪ್ ಹಣ್ಣು, ಮೂರು ಕಪ್ ಸಕ್ಕರೆ ಅಂತಿತ್ತು. ಇಡೀ ಹಣ್ಣುಗಳನ್ನೇ ಕಪ್ಪಿಗೆ ತುಂಬಿ ಅಳೆದೆ. ಜಾಮ್ ಗಟ್ಟಿಯೇನೋ ಆಯಿತು, ಆದರೆ ಬರೀ ಸಕ್ಕರೆ ಪಾಕ ತಿಂದ ಹಾಗಿತ್ತು. ಅತ್ತೆ ಚಪಾತಿಗೆ ಒಂಚೂರು ಹಚ್ಚಿಕೊಂಡು ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು. ನನಗೆ ತುಂಬ ಬೇಜಾರಾಯಿತು.

ಮಾರನೇ ದಿನ ಡಿಜಿಟಲ್ ತಕ್ಕಡಿ ಹೊರಗೆ ತೆಗೆದೆ. ಖಾಲಿ ಕಪ್ ಇಟ್ಟು, ಬಟನ್ ಒತ್ತಿ ಸೊನ್ನೆಗೆ ತಂದೆ. ತೊಟ್ಟು ಕಿತ್ತ ಇಡೀ ಹಣ್ಣು ತುಂಬಿದಾಗ ಸುಮಾರು 145 ಗ್ರಾಂ ಬಂತು. ಹಣ್ಣು ಹಣ್ಣಿನ ನಡುವೆ ಬೆರಳು ತೂರುವಷ್ಟು ಸಂದು. ಅದೇ ಹಣ್ಣನ್ನು ಬಿಲ್ಲೆ ಮಾಡಿ ತುಂಬಿದರೆ 165. ಕಿವುಚಿ ತುಂಬಿದರೆ 230! ಕಪ್ ಅದೇ, ಹಣ್ಣೂ ಅದೇ. ಇಡೀ ಹಣ್ಣು ಅಳೆದಾಗ ಕಪ್ಪಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಗಾಳಿಯೇ ಇತ್ತು.

ಸಕ್ಕರೆ ಹಾಗಲ್ಲ, ಕಪ್ಪಿಗೆ 200 ಗ್ರಾಂ. ಮೂರು ಕಪ್ಪಿಗೆ 600 ಆಯಿತು. ನಾನು ಹಾಕಿದ್ದ ಹಣ್ಣು 580 ಗ್ರಾಂ ಮಾತ್ರ. ಕಿವುಚಿ ಅಳೆದಿದ್ದರೆ 920 ಗ್ರಾಂ ಆಗುತ್ತಿತ್ತು. ರೆಸಿಪಿ ಬರೆದವರ ಮನಸ್ಸಿನಲ್ಲಿ ಅದೇ ಇದ್ದಿರಬೇಕು, ಆದರೆ ಬರೆದಿರಲಿಲ್ಲ.

ಊರಲ್ಲಿ ಅಮ್ಮ ಎಲ್ಲವನ್ನೂ ಪಾವು, ಸೇರಿನಲ್ಲೇ ಅಳೆಯುತ್ತಿದ್ದರು. ಅಕ್ಕಿ, ಬೇಳೆಗೆ ಅದು ಸರಿಯೇ. ಕಾಳು ಸಣ್ಣದು, ಯಾರು ತುಂಬಿದರೂ ಹೆಚ್ಚುಕಡಿಮೆ ಒಂದೇ. ಹಣ್ಣಿಗೆ ಮಾತ್ರ ತಕ್ಕಡಿಯೇ ಬೇಕು. ಕಪ್‌ಗಳಲ್ಲೂ ವ್ಯತ್ಯಾಸ ಇದೆ, ಅಮೆರಿಕದ್ದು 237 ಮಿಲಿ, ಆಸ್ಟ್ರೇಲಿಯಾದ್ದು 250. ಆದರೆ ಅದು ಸಣ್ಣ ವ್ಯತ್ಯಾಸ. ಇಡೀ ಹಣ್ಣೋ ಕಿವುಚಿದ್ದೋ ಅನ್ನುವುದೇ ದೊಡ್ಡದು.

ಆಮೇಲೆ ಒಂದೊಂದೇ ಹಣ್ಣು ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದೆ. ಪ್ರತಿಯೊಂದನ್ನೂ ಮೂರು ಸಲ ತುಂಬಿ, ಸರಾಸರಿ ತೆಗೆದೆ. ಬಾಳೆಹಣ್ಣಿನ ಬಿಲ್ಲೆ ಕಪ್ಪಿಗೆ 150 ಗ್ರಾಂ, ಕಿವುಚಿದ್ದು 225. ಕೇಕ್ ರೆಸಿಪಿಯಲ್ಲಿ ಸುಮ್ನೆ 'ಎರಡು ಬಾಳೆಹಣ್ಣು' ಅಂತಿರುತ್ತದೆ. ದೊಡ್ಡ ಹಸಿರು ಬಾಳೆಯಾದರೆ ಎರಡು ಸಾಕು. ಇಲ್ಲಿನ ವೆಲ್ಚಿ, ಅಂದರೆ ನಮ್ಮ ಏಲಕ್ಕಿ ಬಾಳೆಯಾದರೆ ಐದು ಬೇಕಾಗುತ್ತದೆ! ಹಾಪುಸ್ ಮಾವು ಡಜನ್ ಲೆಕ್ಕದಲ್ಲಿ ಸಿಗುತ್ತದಲ್ವಾ, ಅದನ್ನೂ ತೂಗಿದೆ. 250 ಗ್ರಾಂ ಹಣ್ಣಿನಲ್ಲಿ ಸಿಪ್ಪೆ, ಗೊರಟೆ ಹೋಗಿ ನನಗೆ ಸಿಕ್ಕಿದ್ದು 160. ಹೋಳುಗಳಾದರೆ ಅದು ಹತ್ತಿರಹತ್ತಿರ ಒಂದು ಕಪ್.

ಈಗ ನನ್ನ ಜಾಮಿನ ಲೆಕ್ಕ: ತೊಟ್ಟು ಕಿತ್ತು ಒರೆಸಿದ ಸ್ಟ್ರಾಬೆರಿ 1 ಕಿಲೋ, ಸಕ್ಕರೆ 650 ಗ್ರಾಂ, ಎರಡು ನಿಂಬೆಹಣ್ಣಿನ ರಸ. ತೊಟ್ಟು ಕೀಳುವ ಮೊದಲೇ ತೂಗಬೇಡಿ, ಲೆಕ್ಕ ತಪ್ಪುತ್ತದೆ. ತೊಳೆದ ನೀರು ಆರದಿದ್ದರೂ ತಪ್ಪುತ್ತದೆ. ಫ್ರಿಜ್ಜಿನಲ್ಲಿಟ್ಟ ತಟ್ಟೆಗೆ ಕುದಿಯುವ ಜಾಮಿನ ಒಂದು ಹನಿ ಬಿಟ್ಟು ಬೆರಳಿಂದ ತಳ್ಳಿದರೆ ಮೇಲೆ ನೆರಿಗೆ ಬೀಳಬೇಕು. ಆಗ ಒಲೆ ಆರಿಸುತ್ತೇನೆ.

ಹಲಸಿನ ತೊಳೆಯ ಲೆಕ್ಕ ಮಾತ್ರ ಇನ್ನೂ ಬಾಕಿ. ಮೇನಲ್ಲಿ ಊರಿಂದ ಹಣ್ಣು ಬರುತ್ತದೆ. ಹಲಸಿನ ಗಟ್ಟಿ (ಎಲೆಯಲ್ಲಿ ಸುತ್ತಿ ಬೇಯಿಸುವ ಕಡುಬು) ಮಾಡುವ ಮೊದಲು ಒಂದು ಕಪ್ ತೊಳೆ ತಕ್ಕಡಿಗೆ ಹೋಗಲಿದೆ.