ಮೆಡಿಕಲ್ ಕಾಲೇಜಿನ ಪಾಠಕ್ಕೆ ಅಂಕ ಹಾಕೋದು ಹೇಗೆ: ನಾನು ಮಾಡಿಕೊಂಡ ವ್ಯವಸ್ಥೆ

ಮೆಡಿಕಲ್ ಕಾಲೇಜಿನ ಅಧ್ಯಾಪಕರಿಗೆ ಮೂರು ಕೆಲಸ: ರೋಗಿಗಳನ್ನು ನೋಡುವುದು, ಸಂಶೋಧನೆ, ಪಾಠ. ಮೊದಲೆರಡಕ್ಕೆ ಲೆಕ್ಕ ಸಿಗುತ್ತೆ. ಎಷ್ಟು ರೋಗಿಗಳನ್ನು ನೋಡಿದಿರಿ, ಎಷ್ಟು ಪೇಪರ್ ಬಂತು ಅಂತ ಎಣಿಸಬಹುದು. ಪಾಠಕ್ಕೆ ಇರುವುದು ಟರ್ಮ್ ಮುಗಿಯುವಾಗ ವಿದ್ಯಾರ್ಥಿಗಳು ತುಂಬುವ ಒಂದು ಫೀಡ್‌ಬ್ಯಾಕ್ ಫಾರ್ಮ್. ಐದಕ್ಕೆ ಎಷ್ಟು ಅಂತ.

ನಾನು ಜನರಲ್ ಮೆಡಿಸಿನ್ ವಿಭಾಗದವಳು. ನನ್ನ ಪಾಠ ಜಾಸ್ತಿ ನಡೆಯುವುದು ವಾರ್ಡಿನಲ್ಲಿ, ರೋಗಿಯ ಹಾಸಿಗೆ ಪಕ್ಕ. ನಮ್ಮ ಫಾರ್ಮಿನಲ್ಲಿದ್ದ ಪ್ರಶ್ನೆಗಳು ಹೀಗೆ: ಸಮಯಕ್ಕೆ ಬರುತ್ತಾರಾ, ದನಿ ಸ್ಪಷ್ಟವಾಗಿದೆಯಾ, ಸ್ಲೈಡ್ ಚೆನ್ನಾಗಿದೆಯಾ. ವಾರ್ಡಿನಲ್ಲಿ ಯಾವ ಸ್ಲೈಡು? ಆದರೂ ಆ ಪ್ರಶ್ನೆಗೆ ನನಗೆ ಒಳ್ಳೇ ಅಂಕವೇ ಬಂದಿತ್ತು! ಹಾಕದ ಸ್ಲೈಡಿಗೆ ಅಂಕ ಬರುತ್ತೆ ಅಂದಮೇಲೆ ಉಳಿದ ಅಂಕಗಳನ್ನು ಎಷ್ಟು ನಂಬಬೇಕು ಅಂತ ಹುಡುಕಿ ಓದಲು ಶುರು ಮಾಡಿದೆ.

ಓದಿದರೆ ತಮಾಷೆಯೇ ಸಿಗುತ್ತೆ. 1973ರಲ್ಲಿ ಪ್ರಕಟವಾದ ಒಂದು ಹೆಸರುವಾಸಿ ಪ್ರಯೋಗ ಇದೆ. ಒಬ್ಬ ನಟನಿಗೆ ಡಾಕ್ಟರ್ ಫಾಕ್ಸ್ ಅಂತ ಹೆಸರಿಟ್ಟು, ದೊಡ್ಡ ಪಂಡಿತ ಅಂತ ಪರಿಚಯಿಸಿ, ಗಣಿತದ ಗೇಮ್ ಥಿಯರಿಯನ್ನು ವೈದ್ಯರ ಶಿಕ್ಷಣಕ್ಕೆ ಹೇಗೆ ಬಳಸಬಹುದು ಅಂತ ಉಪನ್ಯಾಸ ಕೊಡಿಸಿದರು. ಅದರಲ್ಲಿ ಬೇಕಂತಲೇ ತಿರುಳಿರಲಿಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಮಾತು, ನಗಿಸುವ ಚಟಾಕಿ ಅಷ್ಟೇ. ಕೇಳಿದ ಮನೋವೈದ್ಯರು, ಶಿಕ್ಷಣ ತಜ್ಞರು ಚೆನ್ನಾಗಿತ್ತು ಅಂತ ಅಂಕ ಕೊಟ್ಟರು. 2018ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 118 ಮೆಡಿಕಲ್ ವಿದ್ಯಾರ್ಥಿಗಳನ್ನು 20 ಗುಂಪು ಮಾಡಿ, ಅರ್ಧ ಗುಂಪುಗಳಿಗೆ ಕ್ಲಾಸಿನಲ್ಲಿ ಚಾಕೊಲೇಟ್ ಕುಕೀಸ್ ಇಟ್ಟರು. ಕುಕೀಸ್ ಸಿಕ್ಕ ಗುಂಪುಗಳು ಟೀಚರಿಗೂ ಪಾಠದ ಸಾಮಗ್ರಿಗೂ ಜಾಸ್ತಿ ಅಂಕ ಹಾಕಿದವು. 2015ರ ಒಂದು ಆನ್‌ಲೈನ್ ಕೋರ್ಸಿನ ಪ್ರಯೋಗದಲ್ಲಿ ಟೀಚರ್ ಗಂಡಸು ಅಂತ ತಿಳಿದುಕೊಂಡ ವಿದ್ಯಾರ್ಥಿಗಳು ಜಾಸ್ತಿ ಕೊಟ್ಟರು, ನಿಜವಾಗಿ ಪಾಠ ಮಾಡಿದ್ದು ಯಾರೇ ಆಗಿರಲಿ. ಇದನ್ನು ಓದಿ ನನಗೇನೂ ಆಶ್ಚರ್ಯ ಆಗಲಿಲ್ಲ.

ಹಾಗಂತ ಫಾರ್ಮನ್ನು ಕಸದಬುಟ್ಟಿಗೆ ಹಾಕಿ ಅನ್ನುತ್ತಿಲ್ಲ. ಟೀಚರ್ ಬಂದರಾ ಇಲ್ವಾ, ರೋಗಿಯ ಮುಂದೆ ಅವಮಾನ ಮಾಡಿದರಾ, ಗೊತ್ತಿಲ್ಲ ಅಂದಾಗ ಹೇಗೆ ನಡೆದುಕೊಂಡರು, ಇದನ್ನೆಲ್ಲ ವಿದ್ಯಾರ್ಥಿಗಳಲ್ಲದೆ ಇನ್ಯಾರು ಹೇಳಬೇಕು? ಅವರು ನೋಡಿದ್ದನ್ನು ಕೇಳಿದರೆ ಉತ್ತರ ಸರಿ ಬರುತ್ತೆ. ಪಾಠದ ವಿಷಯ ಇವತ್ತಿನ ವೈದ್ಯಕ್ಕೆ ತಕ್ಕದ್ದಾ ಅಂತ ಕೇಳಿದರೆ, ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು. ಅಲ್ಲದೆ ಫಾರ್ಮನ್ನು, ವಿದ್ಯಾರ್ಥಿಗಳು ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್ಕಿಗೆ ಟೀಚರ್ ಸಹಿ ಹಾಕಿಸುವ ದಿನವೇ ಕೊಟ್ಟರೆ ಯಾರು ನಿಜ ಬರೆಯುತ್ತಾರೆ?

ನಾನು ಮೊದಲು ಶುರು ಮಾಡಿದ್ದು ಚೀಟಿ. ವಾರ್ಡಿನ ಕ್ಲಾಸು ಮುಗಿದ ಮೇಲೆ ಎರಡೇ ಪ್ರಶ್ನೆ, ಹೆಸರು ಬೇಡ: ಇವತ್ತು ಏನು ಹಿಡಿತಕ್ಕೆ ಬಂತು, ಏನು ಇನ್ನೂ ಗೋಜಲಾಗಿದೆ. ಒಂದು ನಿಮಿಷದ ಕೆಲಸ. ಎರಡನೇ ಪ್ರಶ್ನೆಯ ಉತ್ತರವೇ ಮುಖ್ಯ. ಒಂದು ಸಲ ಮುಕ್ಕಾಲು ಪಾಲು ಚೀಟಿಗಳಲ್ಲಿ ಒಂದೇ ಮಾತಿತ್ತು: ಕತ್ತಿನ ರಕ್ತನಾಳದ ಮಿಡಿತದಲ್ಲಿ ಅಭಿಧಮನಿಯದು ಯಾವುದು, ಅಪಧಮನಿಯದು ಯಾವುದು ಗೊತ್ತಾಗಲಿಲ್ಲ. ಮುಂದಿನ ಕ್ಲಾಸು ಅಲ್ಲಿಂದಲೇ ಶುರು. ಟರ್ಮ್ ಕೊನೆಯ ಫಾರ್ಮಿನಿಂದ ಆ ಬ್ಯಾಚಿಗೆ ಏನೂ ಸಿಗೋದಿಲ್ಲ, ಸಿಕ್ಕರೆ ಮುಂದಿನ ಬ್ಯಾಚಿಗೆ. ಚೀಟಿ ಹಾಗಲ್ಲ, ಬರೆದವರಿಗೇ ವಾಪಸ್ ಸಿಗುತ್ತೆ.

ಎರಡನೆಯದು ಸಹೋದ್ಯೋಗಿಯನ್ನು ಕ್ಲಾಸಿಗೆ ಕರೆದದ್ದು. ನಮ್ಮ ವಿಭಾಗದವರನ್ನು ಬೇಕಂತಲೇ ಕರೆಯಲಿಲ್ಲ. ಅವರು ಬಂದರೆ ಪಾಠ ಬಿಟ್ಟು ಡಯಾಗ್ನೋಸಿಸ್ ಚರ್ಚೆಗೆ ಇಳಿಯುತ್ತಾರೆ. ಸರ್ಜರಿಯ ಮೇಡಂ ಒಬ್ಬರು ಒಪ್ಪಿದರು. ಮೊದಲೇ ಕೂತು ಮಾತಾಡಿಕೊಂಡೆವು, ನನ್ನ ಪ್ರಶ್ನೆಗಳು ವಿದ್ಯಾರ್ಥಿಗಳನ್ನು ಯೋಚನೆಗೆ ಹಚ್ಚುತ್ತವಾ ಅನ್ನೋದನ್ನು ಮಾತ್ರ ನೋಡಿ ಅಂತ. ಎಲ್ಲವನ್ನೂ ನೋಡಿ ಅಂದರೆ ಏನೂ ನೋಡಿದ ಹಾಗಾಗಲ್ಲ. ಅವರು ಒಂದು ಹಾಳೆ ಹಿಡಿದು ಹಿಂದೆ ನಿಂತರು, ಬಾಯಿ ಬಿಡಲಿಲ್ಲ. ಮುಗಿದ ಮೇಲೆ ಮೊದಲು ನನ್ನನ್ನೇ ಕೇಳಿದರು, "ನಿಮಗೇನು ಅನ್ನಿಸ್ತು?" ಆಮೇಲೆ ಹಾಳೆ ತೋರಿಸಿದರು.

ಹಾಳೆಯಲ್ಲಿ ಅಭಿಪ್ರಾಯವೇ ಇರಲಿಲ್ಲ. ಯಾರು ಮಾತಾಡಿದರು, ಪ್ರಶ್ನೆ ಕೇಳಿ ನಾನು ಎಷ್ಟು ಹೊತ್ತು ಕಾದೆ, ಯಾರು ಎಲ್ಲಿ ನಿಂತಿದ್ದರು, ಅಷ್ಟೇ. ಹಾಸಿಗೆಯ ಕಾಲಬದಿಯಲ್ಲಿದ್ದವರಿಗೆ ರೋಗಿಯ ಹೊಟ್ಟೆ ಕಾಣುತ್ತಲೇ ಇರಲಿಲ್ಲ, ಮುಂದಿನವರ ಬಿಳಿ ಕೋಟು ಕಾಣುತ್ತಿತ್ತು. ಕಾಯುವ ವಿಷಯದಲ್ಲಿ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲೇ ಶಾಲೆಗಳಲ್ಲಿ ಅಳೆದು ತೋರಿಸಿದ್ದರು. ಟೀಚರ್‌ಗಳು ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ ಅಂತ. ವಾರ್ಡಿನಲ್ಲಿ ಮೂರು ಸೆಕೆಂಡಿನ ಮೌನ ಎಷ್ಟು ಉದ್ದ ಅಂತ ನಿಂತು ನೋಡಿದವರಿಗೇ ಗೊತ್ತು. ಈಗ ನಾನು ಮನಸ್ಸಿನಲ್ಲೇ ಎಣಿಸುತ್ತೇನೆ.

ಪ್ರಶ್ನೆ ಕೇಳುವ ಕ್ರಮವನ್ನೂ ಬದಲಿಸಿಕೊಂಡೆ. 1992ರಲ್ಲಿ ಫ್ಯಾಮಿಲಿ ಮೆಡಿಸಿನ್‌ನವರು ಬರೆದ ಐದು ಹಂತದ ಒಂದು ವಿಧಾನ ಇದೆ, ಒನ್ ಮಿನಿಟ್ ಪ್ರಿಸೆಪ್ಟರ್ (ಒಂದು ನಿಮಿಷದ ಗುರು) ಅಂತ ಕರೆಯುತ್ತಾರೆ. ಉಸಿರಾಟದ ತೊಂದರೆಯ ಕೇಸ್ ಒಬ್ಬ ಪ್ರೆಸೆಂಟ್ ಮಾಡಿದ ಅಂದುಕೊಳ್ಳಿ. ಮೊದಲು "ಏನಿರಬಹುದು ಅನ್ನಿಸುತ್ತೆ, ಒಂದನ್ನು ಹೇಳು" ಅಂತ ಅವನ ಬಾಯಿಂದ ತೀರ್ಮಾನ ಬರಿಸಬೇಕು. ಹಾರ್ಟ್ ಫೇಲ್ಯೂರ್ ಅಂದರೆ "ಯಾಕೆ ಹಾಗಂತೀಯ?" ಅಂತ ಕಾರಣ ಕೇಳಬೇಕು. ಆಮೇಲೆ ಮುಂದಿನ ಕೇಸಿಗೂ ಆಗುವ ಒಂದೇ ಒಂದು ಪಾಠ ಹೇಳಬೇಕು, ಸರಿ ಮಾಡಿದ್ದು ಏನು ಅಂತ ಹೆಸರಿಟ್ಟು ಹೇಳಬೇಕು, ತಪ್ಪನ್ನು ತಿದ್ದಬೇಕು. "ಗುಡ್" ಅಂದು ಮುಂದಿನ ಹಾಸಿಗೆಗೆ ಹೋದರೆ ಯಾವುದು ಗುಡ್ ಅಂತ ಅವನಿಗೆ ಗೊತ್ತಾಗಲ್ಲ.

ಇಷ್ಟಾದರೂ ನಿಜವಾದ ಪ್ರಶ್ನೆ ಉಳಿಯುತ್ತೆ, ಕಲಿತರಾ? ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಒಂದು ಪಿರಮಿಡ್ ಬರೆದರು, ಕೆಳಗಿನಿಂದ ಮೇಲಕ್ಕೆ: ಗೊತ್ತಿರುವುದು, ಹೇಗೆ ಅಂತ ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾಗಿ ಕೆಲಸದಲ್ಲಿ ಮಾಡುವುದು. ನಮ್ಮ ಲಿಖಿತ ಪರೀಕ್ಷೆ ಕೆಳಗಿನ ಎರಡರಲ್ಲೇ ನಿಲ್ಲುತ್ತೆ. ಹಾಗಾಗಿ ನಾನು ಕೆಲವು ವಾರ ಬಿಟ್ಟು, ಹೇಳದೆ, ಬೇರೆ ರೋಗಿಯ ಹತ್ತಿರ ಅದೇ ಕೆಲಸ ಮಾಡಿಸಿ ನೋಡುತ್ತೇನೆ. ಸ್ಪ್ಲೀನ್, ಅಂದರೆ ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮವನ್ನು ಮುಟ್ಟಿ ನೋಡುವುದನ್ನೇ ತಗೊಳ್ಳಿ. ಅದು ದೊಡ್ಡದಾದಾಗ ಬಲಗಡೆಯ ಕಿಬ್ಬೊಟ್ಟೆಯ ಕಡೆಗೆ ಬೆಳೆಯುತ್ತೆ, ಅದಕ್ಕೇ ಕೈಯನ್ನು ಅಲ್ಲಿಂದಲೇ ಶುರು ಮಾಡಿ ಎಡ ಪಕ್ಕೆಲುಬಿನ ಕಡೆ ತರಬೇಕು. ಕಾರಣ ಕೇಳಿದರೆ ಎಲ್ಲರೂ ಪಟಪಟ ಹೇಳುತ್ತಾರೆ. ಕೈ ಮಾತ್ರ ಪಕ್ಕೆಲುಬಿನ ಹತ್ತಿರವೇ ಇಳಿಯುತ್ತೆ, ಸ್ಪ್ಲೀನ್ ತುಂಬಾ ದೊಡ್ಡದಿದ್ದರೆ ಅದರ ಮೇಲೇ ಕೈಯಿಟ್ಟು ಏನೂ ಸಿಗಲಿಲ್ಲ ಅಂತಾರೆ. ಬ್ಯಾಚಿನಲ್ಲಿ ಒಬ್ಬಿಬ್ಬರು ಹಾಗೆ ಮಾಡಿದರೆ ಅದು ಅವರ ಸಮಸ್ಯೆ. ಹೆಚ್ಚಿನವರು ಮಾಡಿದರೆ ಪಾಠದ್ದು. ಈ ಒಂದು ವಿಂಗಡಣೆ ನನಗೆ ಯಾವ ಅಂಕಕ್ಕಿಂತಲೂ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಆದರೆ ಇದನ್ನು ಟೀಚರ್‌ಗಳ ರ‍್ಯಾಂಕಿಂಗಿಗೆ ಬಳಸಬಾರದು. ಸರಿಯಾಗಿ ಮಾಡಿ ತೋರಿಸಿದ ಹುಡುಗನಿಗೆ ಅದನ್ನು ಕಲಿಸಿದ್ದು ರಾತ್ರಿ ಡ್ಯೂಟಿಯ ಸೀನಿಯರ್ ಆಗಿರಬಹುದು, ನಾನು ಅಂತ ಹೇಗೆ ಹೇಳಲಿ?

ಬಡ್ತಿಯ ಸಮಿತಿಗೆ ಏನು ಕೊಡುವುದು ಅನ್ನುವುದೇ ಬೇರೆ ತಲೆನೋವು. 2000ದಲ್ಲಿ ಹಾರ್ಡನ್ ಮತ್ತು ಕ್ರಾಸ್ಬಿ ಅನ್ನುವ ವೈದ್ಯಕೀಯ ಶಿಕ್ಷಣ ತಜ್ಞರು ಮೆಡಿಕಲ್ ಟೀಚರಿಗೆ ಹನ್ನೆರಡು ಪಾತ್ರ ಪಟ್ಟಿ ಮಾಡಿದ್ದರು. ಉಪನ್ಯಾಸ ಕೊಡುವುದು ಅದರಲ್ಲಿ ಒಂದು, ಅಷ್ಟೇ. ಪರೀಕ್ಷೆ ಮಾಡುವವರು, ಪಠ್ಯಕ್ರಮ ಯೋಜಿಸುವವರು, ಮೆಂಟರ್, ಕಲಿಕೆಯ ಸಾಮಗ್ರಿ ತಯಾರಿಸುವವರು, ನೋಡಿ ಕಲಿಯಲು ಮಾದರಿಯಾಗುವವರು ಎಲ್ಲ ಟೀಚರೇ. ಫಾರ್ಮಿಗೆ ಸಿಕ್ಕುವುದು ಒಂದೆರಡು. ಹಾಗಾಗಿ ಟೀಚಿಂಗ್ ಪೋರ್ಟ್‌ಫೋಲಿಯೋ ಮಾಡಿಕೊಂಡೆ. ಹೇಗೆ ಪಾಠ ಮಾಡುತ್ತೇನೆ, ಯಾಕೆ ಹಾಗೆ, ಏನು ಬದಲಿಸಿದೆ, ಬದಲಿಸಿದ ಮೇಲೆ ಏನಾಯಿತು ಅಂತ ಕೆಲವೇ ಪುಟ. ಹಿಂದೆ ಪುರಾವೆ: ನಾನು ಬರೆದ ಪರೀಕ್ಷಾ ಸ್ಟೇಷನ್‌ಗಳು (ವಿದ್ಯಾರ್ಥಿ ಒಂದೊಂದು ಕಡೆ ಒಂದೊಂದು ಕೆಲಸ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆಯವು), ಚೀಟಿಗಳ ಸಾರ, ಫಾರ್ಮಿನ ಅಂಕಗಳೂ ಸಹ, ಎಷ್ಟು ಜನರಲ್ಲಿ ಎಷ್ಟು ಜನ ತುಂಬಿದರು ಅನ್ನುವುದರ ಜೊತೆ. ಅದು ಬರೆಯದೆ 4.2 ಜಾಸ್ತಿಯಾ 4.4 ಜಾಸ್ತಿಯಾ ಅಂತ ಸಮಿತಿಗಳು ಚರ್ಚೆ ಮಾಡುತ್ತವೆ. ಎಂಟು ಹತ್ತು ಜನ ಕೊಟ್ಟ ಸರಾಸರಿಯಲ್ಲಿ ಆ ವ್ಯತ್ಯಾಸಕ್ಕೆ ಏನೂ ಅರ್ಥ ಇಲ್ಲ.

ಸರ್ಜರಿ ಮೇಡಂ ಬರೆದ ಹಾಳೆಗಳನ್ನು ಮಾತ್ರ ಪೋರ್ಟ್‌ಫೋಲಿಯೋದಲ್ಲಿ ಹಾಕಿಲ್ಲ. ನಮ್ಮಿಬ್ಬರ ಒಪ್ಪಂದವೇ ಅದು: ಹಾಳೆ ಪಾಠ ಮಾಡಿದವರ ಕೈಗೆ, ಬೇರೆಯವರಿಗೆ ಪ್ರತಿ ಇಲ್ಲ. ನಾನೂ ಈಗ ಅವರ ಕ್ಲಾಸಿಗೆ ಹೋಗುತ್ತೇನೆ. ಇನ್ನೊಂದಿಬ್ಬರು ಸೇರಿಕೊಂಡಿದ್ದಾರೆ. ಇದನ್ನು ಎಲ್ಲರಿಗೂ ಕಡ್ಡಾಯ ಮಾಡಿ ವರದಿಯನ್ನು ಕಚೇರಿಗೆ ತರಿಸಿಕೊಳ್ಳೋಣ ಅನ್ನುವ ಮಾತು ಒಮ್ಮೆ ಬಂತು. ನಾವು ಬೇಡ ಅಂದೆವು. ಹಾಳೆ ಮೇಲಿನವರಿಗೆ ಹೋಗುತ್ತೆ ಅಂತ ಗೊತ್ತಾದರೆ ನಾನು ಅವರನ್ನು ಕರೆಯುವುದು ನನ್ನ ಅತ್ಯಂತ ಸುಲಭದ ಕ್ಲಾಸಿಗೆ, ಅವರು ಬರೆಯುವುದು ಬರೀ ಹೊಗಳಿಕೆ. ಸಮಿತಿಗೆ ಬೇಕಿದ್ದರೆ ಅದಕ್ಕೇ ಅಂತ ಬೇರೆಯವರನ್ನು ಕಳಿಸಲಿ, ಯಾವ ದಿನ ಅಂತ ಮುಂಚೆ ಹೇಳಲಿ, ಏನು ನೋಡುತ್ತಾರೆ ಅಂತಲೂ ಹೇಳಲಿ. ಆ ಮಾತು ಸದ್ಯಕ್ಕೆ ಅಲ್ಲಿಗೇ ನಿಂತಿದೆ.